ಕಬ್ಬಿನಲ್ಲಿ ಬಿದ್ದರೆ ಔಟ್

ನವೆಂಬರ್ ೧೭, ೨೦೨೪, ಭಾನುವಾರ

ಬರೆದು ಹಗುರಾಗದಿದ್ದರೆ ಇವತ್ತು ಯಾರ ಮೇಲಾದರೂ ಎಗರಿಬಿಡುತ್ತೇನೆ.

ಮುಧೋಳದ ಗಂಗಾರಾಮ ಅವರು ಬಂದಿದ್ದರು. ನೌಕರಿ ಮುಗಿದ ಮೇಲೆ ಅವರಿಗೆ ಒಂದೇ ಹುಚ್ಚು. ಹಳೆಯ ಕ್ರಿಕೆಟ್ ಆಟಗಾರರ ಬ್ಯಾಟು, ಟೋಪಿ, ಶೀಲ್ಡು, ಫೋಟೊ ಎಲ್ಲಿ ಸಿಕ್ಕರೂ ಹೊತ್ತೊಯ್ದು ಮನೆಯ ಮಾಳಿಗೆ ತುಂಬಿಸಿದ್ದಾರೆ. ಜನವರಿಯಲ್ಲಿ ಅದನ್ನು ಪ್ರದರ್ಶನಕ್ಕೆ ತೆರೆಯುತ್ತಾರಂತೆ. ಒಂದು ಗೋಡೆಯ ತುಂಬ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ದೊಡ್ಡ ಹೊಡೆತಗಾರರ ಫೋಟೊ. ನಡುವಿನ ಜಾಗ ನಮ್ಮ ಮಾವ ಚನಮಲ್ಲಪ್ಪನವರಿಗೆ. ಅವರ ಬ್ಯಾಟು ಕೇಳಲು ಬಂದಿದ್ದರು.

ಮಾವನವರ ಗಾಜಿನ ಕಪಾಟಿನ ಬಗ್ಗೆ ಹೊಸದಾಗಿ ಏನು ಬರೆಯಲಿ! ಮದುವೆಯಾಗಿ ಈ ಬನಹಟ್ಟಿಯ ಮನೆಗೆ ಬಂದಾಗಿನಿಂದ ನೋಡುತ್ತಿದ್ದೇನೆ, ಶನಿವಾರ ಬಂತೆಂದರೆ ಆಟದಲ್ಲಿ ಗೆದ್ದ ಕಪ್ಪುಗಳನ್ನೆಲ್ಲ ಇಳಿಸಿ, ಧೋತರದ ಚುಂಗಿನಿಂದ ಒರೆಸಿ, ಮತ್ತೆ ಹಾಗೇ ಜೋಡಿಸುತ್ತಾರೆ. ಅದಕ್ಕೇ ಅವರಿಗೆ ಕಪಾಟಿನ ಧಣಿ ಎಂದು ಹೆಸರಿಟ್ಟಿದ್ದೇನೆ, ಈ ದಿನಚರಿಯಲ್ಲಿ ಮಾತ್ರ.

ಚಹಾ ಕೊಡುತ್ತ ಕೇಳಿದೆ. "ಗ್ವಾಡಿ ಮ್ಯಾಲ ನಮ್ಮಪ್ಪನ ಫೋಟೊ ಐತೇನ್ರಿ?"

"ಯಾರವಾ ನಿಮ್ಮಪ್ಪ?"

"ಹಿಪ್ಪರಗಿ ಸಿದರಾಯ."

"ಓಹೋ, ಸಿದರಾಯನ ಮಗಳೇನ ನೀ!" ಎಂದು ಗಂಗಾರಾಮರು ನಕ್ಕರು. "ಹೊಡತ ಭಾರಿ ಇತ್ತು, ಖರೆ. ಕುರಿ ಕಾಯೂ ಹುಡುಗ ಬ್ಯಾಟ್ ಹಿಡದ್ರ ಮಂದಿ ಎದ್ದ ನಿಂದರತಿತ್ತಂತ. ಆದ್ರ ಸ್ಕೋರ್ ಎಲ್ಲೈತಿ? ಹಳೀ ಹಾಳಿ ಎಲ್ಲಾ ತಗದ ನೋಡೇನಿ. ಹತ್ತು ಹನ್ನೆರಡು ಹೊಡದ, ಔಟ್ ಆದ. ಇಷ್ಟಕ್ಕ ಜಾಗಾ ಕೊಟ್ರ ಬಾಕಿ ಮಂದಿ ನನ್ನ ಸುಮ್ನ ಬಿಡ್ತಾರೇನ?"

ಮಾವನವರು ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತ ಕುಳಿತಿದ್ದರು. ಅಪ್ಪನ ಎದುರು ವರ್ಷಗಟ್ಟಲೆ ಆಡಿದವರು ಇವರೇ, ಈಗ ಬೀಗರೂ ಇವರೇ. ಒಂದು ಮಾತು, ಒಂದೇ ಒಂದು ಮಾತು ಆಡಬಹುದಿತ್ತು. ಬಸಿ ಖಾಲಿ ಮಾಡಿ ಎದ್ದುಹೋದರು.

ನವೆಂಬರ್ ೧೮

ಗಂಗಾರಾಮರು ಕ್ರಿಕೆಟ್ ಪ್ರೇಮಿಗಳ ವಾಟ್ಸಾಪ್ ಗ್ರೂಪಿಗೆ ನನ್ನನ್ನೂ ಸೇರಿಸಿದ್ದಾರೆ. ಅದರಲ್ಲಿ ಇವತ್ತು ಒಬ್ಬ ಮೀಸೆ ಚಿಗುರದ ಹುಡುಗ ಬರೆದ: "ಸಿದರಾಯಂದು ಬರೇ ಹವಾ, ಆಟ ಇಲ್ಲ." ಅದಕ್ಕೆ ಐವತ್ತು ಜನರ ಹೆಬ್ಬೆರಳು.

ನನಗೆ ತಡೆಯಲಿಲ್ಲ. ರಬಕವಿಯ ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಕುಳಿತು ಹಾಕಿಯೇಬಿಟ್ಟೆ: "ನೆಲಕ್ಕ ತಟ್ಟಿ ಒಂದೊಂದ ರನ್ ಓಡಿದವ್ರಿಗೆ ಕಪ್ಪು, ಚೆಂಡ ಮುಗಿಲಿಗಿ ಕಳಿಸಿದವಗ ಚಿಪ್ಪು. ಕಪಾಟ ತುಂಬಿದ್ರ ಯಾರೂ ಧಣಿ ಆಗೂದಿಲ್ಲ."

ಗಂಟೆ ಹೊಡೆಯಿತು, ಪಾಠಕ್ಕೆ ಹೋದೆ. ತಿರುಗಿ ಬಂದು ಅಳಿಸಬೇಕೆನ್ನುವಷ್ಟರಲ್ಲಿ ಅದು ಎಲ್ಲೆಲ್ಲೋ ಹೋಗಿತ್ತು.

ನವೆಂಬರ್ ೧೯

ಬನಹಟ್ಟಿಯಲ್ಲಿ ಕಪ್ಪು ತುಂಬಿದ ಗಾಜಿನ ಕಪಾಟು ಇರುವುದು ಒಂದೇ ಮನೆಯಲ್ಲಿ. ಯಾರಿಗೆ ಹೇಳಿದ್ದೆಂದು ಯಾರಿಗೂ ತಿಳಿಸಿಕೊಡಬೇಕಾಗಲಿಲ್ಲ.

ಮನೆಯವರು ಹಾಲೇಶ ಕರೆಂಟಿನ ಆಫೀಸಿನಿಂದ ಬಂದವರೇ ಚಪ್ಪಲಿ ಕೂಡ ಬಿಡಲಿಲ್ಲ. "ಗ್ರೂಪಿನ್ಯಾಗ ಯಾಕ ಹಾಕಿದಿ? ಮನ್ಯಾಗ ಬೈಬೇಕಿತ್ತು. ಹೊರಗ ನಮ್ಮಪ್ಪನ ಮಾನಾ ಕಳದೆಲ್ಲ!"

"ನಮ್ಮಪ್ಪಗ ಮಾನಾ ಇಲ್ಲೇನ್ರಿ?"

ಅವರು ಆಗ ಚಪ್ಪಲಿ ಬಿಟ್ಟು ಒಳಗೆ ಹೋದರು. ಊಟಕ್ಕೆ ಕುಳಿತಾಗ ನಾನು ರೊಟ್ಟಿ ಹಾಕಲು ಹೋದೆ. ಮಾವನವರು ತಾಟಿನ ಮೇಲೆ ಕೈ ಅಡ್ಡ ಹಿಡಿದರು. ಆಮೇಲೆ ಅತ್ತೆ ಸಾತವ್ವ ಹಾಕಿದರೆ ತಿಂದರು. ಮಾಡಿದವಳು ನಾನೇ, ಆ ರೊಟ್ಟಿ ನನ್ನದೇ! ಹಾಕುವ ಕೈ ಮಾತ್ರ ಬೇಡವಾಯಿತು.

ನವೆಂಬರ್ ೨೪, ಭಾನುವಾರ

ಹಿಪ್ಪರಗಿಗೆ ಹೋಗಿ ಬಂದೆ. ಗಂಗಾರಾಮರ ಮುಖಕ್ಕೆ ಹಿಡಿಯಲು ಏನಾದರೂ ಬೇಕಿತ್ತು. ಒಂದು ಕಪ್ಪು, ಒಂದು ಫೋಟೊ, ಏನಾದರೂ.

ಏನೂ ಇಲ್ಲ. ಅಪ್ಪನ ಬ್ಯಾಟು ಕುರಿ ದೊಡ್ಡಿಯ ತಟ್ಟಿ ಬಾಗಿಲಿಗೆ ಊರುಗೋಲಾಗಿ ನಿಂತಿದೆ. ಅರ್ಧ ಗೆದ್ದಲು ತಿಂದಿದೆ. ನೋಡಿ ಕಣ್ಣಲ್ಲಿ ನೀರು ಬಂತು. ಅಪ್ಪ "ಛಲೋ ಕಟಗಿ ಬೇ ಅದು, ಇನ್ನೂ ಗಟ್ಟಿ ಐತಿ" ಅಂದ.

"ಅಪ್ಪಾ, ನಿನ್ನ ಸ್ಕೋರ್ ಯಾಕ ಅಷ್ಟ ಕಡಿಮಿ?" ಎಂದು ನೇರವಾಗಿ ಕೇಳಿದೆ.

ಅಪ್ಪ ಕುರಿಗಳಿಗೆ ಮೇವು ಹಾಕತೊಡಗಿದ. ಉತ್ತರ ಕೊಟ್ಟವಳು ಅಜ್ಜಿ ಹಣಮವ್ವ, ಕಂಬಳಿಯ ಮೇಲೆ ಕುಳಿತಲ್ಲಿಂದಲೇ. "ಇವಾ ಹೊಡದ್ರ ಚೆಂಡು ಕಬ್ಬಿನ್ಯಾಗ ಹೋಗಿ ಬೀಳತಿತ್ತು. ಕಬ್ಬಿನ್ಯಾಗ ಬಿದ್ರ ಔಟ್ ಅಂತಿದ್ರ ನಮ್ಮವ್ವಾ. ಹೊಡದಷ್ಟೂ ಔಟ್!"

ನನಗೆ ಮೊದಲು ತಿಳಿಯಲೇ ಇಲ್ಲ. ಆಮೇಲೆ ಒಂದೊಂದಾಗಿ ಕೇಳಿ ತಿಳಿದುಕೊಂಡೆ. ಆಗ ಪಂದ್ಯಗಳೆಲ್ಲ ಚಿಮ್ಮಡದ ಬಯಲಿನಲ್ಲಿ. ಬಯಲಿಗೆ ಅಂಟಿಕೊಂಡು ಆಳೆತ್ತರದ ಕಬ್ಬು. ಅದರಲ್ಲಿ ಬಿದ್ದ ಚೆಂಡು ಸಿಗುತ್ತಿರಲಿಲ್ಲ, ಹುಡುಕಲು ನುಗ್ಗಿದರೆ ಹೊಲದವರು ಕುಡುಗೋಲು ಹಿಡಿದು ಬರುತ್ತಿದ್ದರು. ಹಾಗಾಗಿ ಕಬ್ಬಿನಲ್ಲಿ ಬಿದ್ದರೆ ಔಟ್ ಎಂದು ಕಾನೂನು ಮಾಡಿಕೊಂಡರು. ಬೇರೆಯವರ ಚೆಂಡು ಅಷ್ಟು ದೂರ ಹೋದರೆ ತಾನೆ! ಅಪ್ಪನ ಅತಿ ದೊಡ್ಡ ಹೊಡೆತಗಳೆಲ್ಲ ಹಾಳೆಯ ಮೇಲೆ ಔಟ್ ಎಂದು ಬಿದ್ದಿವೆ.

"ಕಬ್ಬ ಕಡದ ಮ್ಯಾಲ ಆ ಹೊಲದಾಗ ನಮ್ಮ ಕುರಿ ತರಬತಿದ್ವಿ," ಎಂದಳು ಅಜ್ಜಿ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸುವುದು ನಮ್ಮ ಮನೆತನದ ಕಸುಬು. "ಒಣಗಿದ ರವದಿ ಗರಿ ಒಳಗ ಚೆಂಡ ಸಿಗತಿದ್ವು. ಉಡ್ಯಾಗ ತುಂಬ್ಕೊಂಡ ಬರತಿದ್ದೆ."

"ಎಲ್ಲದಾವ ಅವು ಈಗ?"

"ಎಲ್ಲಿರತಾವ? ನಾಯಿ ಮರಿ ಕಡದ ಹಾಕಿದ್ವು."

ಸುಮ್ಮನೆ ಹಣೆ ಬಡಿದುಕೊಂಡೆ. ಅಪ್ಪನನ್ನು ಕೇಳಿದೆ, ಔಟ್ ಎಂದು ಗೊತ್ತಿದ್ದೂ ಅಲ್ಲಿಗೇ ಯಾಕೆ ಹೊಡೆಯುತ್ತಿದ್ದೆ? ಮೀಸೆಯೊಳಗೇ ನಕ್ಕ. "ಹೊಡದ್ರ ಅಲ್ಲಿಗೇ ಹೋಗೂದು. ಹೋಗಲಿ ಬಿಡವಾ, ಬೀಗತನ ಆದ ಮ್ಯಾಲ ಆ ಮಾತೆಲ್ಲಾ ಯಾಕ?" ಬೀಗತನಕ್ಕೂ ಕಬ್ಬಿಗೂ ಏನು ಸಂಬಂಧವೋ.

ನವೆಂಬರ್ ೨೬

ಗಂಗಾರಾಮರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಇಂಥಾ ರೂಲ್ ನಾ ಕೇಳಿಲ್ಲವಾ. ನಾ ನೌಕರಿ ಮ್ಯಾಲ ದೂರ ಇದ್ದೆ ಆಗ. ಯಾರರೆ ಆಡಿದವ್ರು ಹೇಳಬೇಕು. ಮಗಳ ಮಾತ ಕೇಳಿ ಹಾಕೀನಿ ಅಂದ್ರ ಮಂದಿ ನಗತಾರ. ನಿಮ್ಮ ಮಾವ ಕ್ಯಾಪ್ಟನ್ ಇದ್ರಲ್ಲ? ಅವ್ರು ಹೌದಂದ್ರ ನಾಳೇನ ಹಾಕ್ತೇನಿ."

ಅಪ್ಪನ ಫೋಟೊ ಈಗ ನಿಂತಿರುವುದು ಯಾರ ಬಾಯಿಯ ಮೇಲೆ! ನನ್ನೊಂದಿಗೆ ಮಾತು ಬಿಟ್ಟವರ ಬಾಯಿಯ ಮೇಲೆ.

ಸೊಕ್ಕು ನುಂಗಿಕೊಂಡು ಹೋಗಿ ನಿಂತೆ. "ಮಾವಾರ, ಕಬ್ಬಿನ್ಯಾಗ ಬಿದ್ರ ಔಟ್ ಅಂತ ರೂಲ್ ಇತ್ತಲ್ರಿ?"

ಕಪಾಟಿನ ಬಾಗಿಲು ಹಾಕುತ್ತಿದ್ದ ಕೈ ನಿಂತಿತು. ನನ್ನ ಕಡೆ ನೋಡಲಿಲ್ಲ.

"ನೆನಪಿಲ್ಲ."

ಯಾವ ಕಪ್ಪು ಯಾವ ಊರಲ್ಲಿ ಯಾರ ಕೈಯಿಂದ ಬಂತು ಎಂದು ನಿದ್ದೆಯಲ್ಲೂ ಹೇಳುವ ಮನುಷ್ಯ. ನೆನಪಿಲ್ಲವಂತೆ.

ಡಿಸೆಂಬರ್ ೮, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮನಸ್ಸಿರಲಿಲ್ಲ.

ಇವತ್ತು ಅತ್ತೆ ಹಿಟ್ಟು ನಾದುತ್ತ ಸುಮ್ಮಸುಮ್ಮನೆ ಹೇಳಿಬಿಟ್ಟರು. "ಆ ರೂಲ್ ಮಾಡಿದವ್ರ ನಿಮ್ಮ ಮಾವ. ಚೆಂಡ ಕಳೀತಾವ ಅಂತ ಒಂದ ನೆವಾ. ಎಲ್ಲಾ ನಿಮ್ಮಪ್ಪನ ಸಂಬಂಧ. ಅವನ ಹೊಡತಕ್ಕ ಇವ್ರು ಅಂಜತಿದ್ರು. ಆಮ್ಯಾಲ ಎರಡ ಮೂರ ಚೆಂಡ ತಂದ ಇಟ್ಕೊಂಡ್ರೂ ರೂಲ್ ತಗೀಲಿಲ್ಲ."

"ನಿಮಗ ಹ್ಯಾಂಗ ಗೊತ್ರಿ ಅತ್ತೀ?"

"ಪಂದ್ಯಾ ಗೆದ್ದ ಬಂದ ದಿನಾ ಉಣತಿದ್ದಿಲ್ಲ. ಕೇಳಿದ್ರ ಹೇಳಿದ್ರು." ಹಿಟ್ಟಿಗೆ ನೀರು ಚಿಮುಕಿಸಿ ಮತ್ತೆ ಅಂದರು, "ಹಾಲೇಶಗ ಹೆಣ್ಣು ನೋಡುವಾಗ ಸಿದರಾಯನ ಮಗಳ ಬೇಕು ಅಂತ ಹಟಾ ಹಿಡದವ್ರೂ ಅವ್ರ."

ಆ ಎರಡನೆಯ ಮಾತು ನನ್ನ ಕಿವಿಗೆ ಬಿದ್ದಿದ್ದು ಈಗ ಬರೆಯುವಾಗ. ಆಗ ಮೊದಲನೆಯದೇ ತಲೆಯಲ್ಲಿ ಗುಂಯ್‌ಗುಡುತ್ತಿತ್ತು.

ಡಿಸೆಂಬರ್ ೯

ಬಾಯಿ ಕಟ್ಟಿಕೊಳ್ಳಬೇಕಿತ್ತು. ಆಗಲಿಲ್ಲ. ಎಲ್ಲರೂ ಊಟಕ್ಕೆ ಕುಳಿತಾಗಲೇ ಅಂದೆ.

"ರೂಲ್ ನೆನಪಿಲ್ಲ ಅಂದ್ರಲ್ರಿ ಮಾವಾರ, ರೂಲ್ ಮಾಡಿದವ್ರು ಯಾರಂತ ಆದ್ರೂ ನೆನಪೈತೇನ್ರಿ? ಈ ಕಪಾಟಿನ್ಯಾಗ ನಮ್ಮಪ್ಪನವು ಎಷ್ಟದಾವ ಹೇಳ್ರಿ."

ಅವರು ತುತ್ತು ಬಾಯಿಗಿಟ್ಟಿದ್ದರು. ಅದನ್ನು ಅಗಿದು ನುಂಗಿದರು. ತಾಟಿನಲ್ಲೇ ಕೈ ತೊಳೆದು ಎದ್ದರು. ಅರ್ಧ ರೊಟ್ಟಿ ಹಾಗೇ ಉಳಿಯಿತು.

ಹಾಲೇಶ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ನಾಳೆ ಹಿಪ್ಪರಗಿಗಿ ಬಿಟ್ಟ ಬರತೇನಿ. ಅಪ್ಪ ಸಮಾಧಾನ ಆಗೂ ತನಕಾ ಅಲ್ಲೇ ಇರು" ಅಂದರು. ಸಮಾಧಾನವಾಗದಿದ್ದರೆ? ಕೇಳಲು ಹೆದರಿಕೆಯಾಯಿತು. ಬ್ಯಾಗು ತೆಗೆದು ಸೀರೆ ತುಂಬಿದೆ.

ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ನನ್ನ ಮೇಲೆ ದನಿ ಎತ್ತಿದ್ದು ಇದೇ ಮೊದಲು. "ಬ್ಯಾಗ್ ಹಿಡ್ಕೊಂಡ ಬಂದ್ರ ಬಾಗಲಾ ತಗಿಯೂದಿಲ್ಲ. ಕಬ್ಬಿನ್ಯಾಗ ಬಿದ್ದಿದ್ದು ಔಟ್ ಅಲ್ಲ ಬೇ. ನನ್ನ ಸಂಬಂಧ ನೀ ಸಂಸಾರ ಕೆಡಿಸ್ಕೊಂಡ್ರ ಅದು ನನ್ನ ಖರೆ ಔಟ್."

ಸೀರೆ ಮತ್ತೆ ಗೂಟಕ್ಕೆ ಹಾಕಿದೆ. ಹಾಲೇಶ ನೋಡಿ, ಬ್ಯಾಗು ಅಟ್ಟಕ್ಕೆ ಎತ್ತಿಟ್ಟರು.

ಡಿಸೆಂಬರ್ ೧೬

ಮನೆಯಲ್ಲಿ ಪಾತ್ರೆ ಇಟ್ಟ ಸಪ್ಪಳವೂ ದೊಡ್ಡದಾಗಿ ಕೇಳುತ್ತದೆ. ಧಣಿ ದಿನಾ ಮುಂಜಾನೆ ಸ್ಕೂಟರ್ ಹತ್ತಿ ಎಲ್ಲಿಗೋ ಹೋಗುತ್ತಾರೆ, ಮಧ್ಯಾಹ್ನ ಬಿಸಿಲು ಹೊತ್ತು ಬರುತ್ತಾರೆ. ಬಿ.ಪಿ. ಗುಳಿಗೆ ಮರೆತು ಹೋಗುತ್ತಾರೆಂದು ಅತ್ತೆಗೆ ಚಿಂತೆ. ಈಗ ನಾನು ಅದನ್ನು ಅವರ ನೀರಿನ ತಂಬಿಗೆಯ ಪಕ್ಕ ಇಡುತ್ತೇನೆ. ನಾನಿಟ್ಟಿದ್ದೆಂದು ಗೊತ್ತಾಗಬಾರದು, ಅಷ್ಟೆ.

ಶನಿವಾರ ಕಪಾಟು ಒರೆಸಲಿಲ್ಲ.

ಡಿಸೆಂಬರ್ ೨೯, ಭಾನುವಾರ

ಸಂತೆಯಲ್ಲಿ ಚಿಮ್ಮಡದ ಹುಲೆಪ್ಪ ಸಿಕ್ಕಿದ್ದ. ಬಯಲಿಗೆ ಹತ್ತಿದ ಕಬ್ಬಿನ ಹೊಲ ಈಗ ಅವನದೇ. ನನ್ನನ್ನು ಕಂಡವನೇ ಗೊಣಗಿದ. "ನಿಮ್ಮ ಮಾವಗ ಏನ ಆಗೇತ್ರಿ ಟೀಚರ? ಕಡಿಯೂ ಗ್ಯಾಂಗ್ ಹೊಲಕ್ಕ ಬಂದ ನಿಂತಿತ್ತು. ಇವ್ರು ಬಂದು ಮೂರು ವಾರ ತಡಿ, ಬಯಲಿನ ಕಡಿ ಪಟ್ಟಿ ಕಡೀಬ್ಯಾಡ ಅಂತ ಕೈ ಹಿಡಕೊಂಡ್ರು. ಹಿರೇರು ಅಂತ ಹೂಂ ಅಂದೆ. ಕಬ್ಬ ಒಣಗಾಕತ್ತೇತಿ!"

ಊರ ಕಬ್ಬಿನ ಯಜಮಾನಿಕೆ ಬೇರೆ ಬೇಕಾಗಿದೆ ಇವರಿಗೆ. ಹುಲೆಪ್ಪನಿಗೆ ಏನು ಹೇಳಬೇಕೋ ತಿಳಿಯದೆ ಬದನೆಕಾಯಿ ಕೊಂಡು ಬಂದೆ. ಎಣ್ಣೆಗಾಯಿ ಮಾಡಿದೆ. ಮಾವನವರಿಗೆ ಅದೆಂದರೆ ಜೀವ. ತಿಂದರು, ಅತ್ತೆಯ ಕೈಯಿಂದಲೇ.

ಜನವರಿ ೧೦, ೨೦೨೫

ಪ್ರದರ್ಶನಕ್ಕೆ ಮೊದಲು, ಹತ್ತೊಂಬತ್ತಕ್ಕೆ ಚಿಮ್ಮಡದ ಬಯಲಿನಲ್ಲಿ ಹಳೆಯ ಆಟಗಾರರ ಪಂದ್ಯವಂತೆ. ಗಂಗಾರಾಮರು ಗ್ರೂಪಿನಲ್ಲಿ ಹಾಕಿದ್ದಾರೆ. ಮಾವನವರು ಆಡುವುದಿಲ್ಲವಂತೆ, ಅಂಪೈರ್ ಆಗುತ್ತಾರಂತೆ.

ಸಂಜೆ ಅಪ್ಪ ಫೋನ್ ಮಾಡಿದ. "ನಾನೂ ಆಡಾಕ ಬರಾಕತ್ತೇನಿ ಬೇ. ಚನಮಲ್ಲಪ್ಪ ತಾನ ಫೋನ್ ಮಾಡಿದ್ದ."

"ಬ್ಯಾಡಪ್ಪಾ! ಮಂದಿ ಮುಂದ ನಿನ್ನ ಮಾನಾ ಕಳಿಯಾಕ ಕರದಾರ. ನನ್ನ ಮ್ಯಾಲಿನ ಸಿಟ್ಟ ನಿನ್ನ ಮ್ಯಾಲ ತೀರಿಸ್ಕೋತಾರ."

"ಕರದಾನ. ಬರತೇನಿ," ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಅರವತ್ತು ದಾಟಿದೆ, ಎಡಗಣ್ಣಿಗೆ ಪೊರೆ ಬಂದಿದೆ. ಚೆಂಡು ಕಾಣದೆ ಬಿದ್ದುಗಿದ್ದರೆ? ಆ ಗ್ರೂಪಿನ ಹುಡುಗರು ಮೊಬೈಲ್ ಹಿಡಿದು ನಿಂತಿರುತ್ತಾರೆ.

ಜನವರಿ ೧೪, ಸಂಕ್ರಮಣ

ಎಲ್ಲರಿಗೂ ಕುಸುರೆಳ್ಳು ಕೊಟ್ಟು ಕಾಲು ಮುಟ್ಟಿದೆ. ಕೊನೆಗೆ ಅವರೊಬ್ಬರೇ ಉಳಿದರು. ಕೊಡದಿದ್ದರೆ ಹಬ್ಬವೇ ಅಲ್ಲ. ಕೊಟ್ಟೆ. ತೆಗೆದುಕೊಂಡರು. ಕಾಲು ಮುಟ್ಟಿ ಏಳುವಾಗ ನನ್ನ ಅಂಗೈಗೂ ನಾಲ್ಕು ಕಾಳು ಹಾಕಿದರು.

"ಭಾನುವಾರ ಬಾ. ಮುಂದ ಕುಂದ್ರು," ಎಂದರು.

ಆ "ನೆನಪಿಲ್ಲ" ಬಿಟ್ಟರೆ, ಎರಡು ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು. ಅಪ್ಪನ ಸೋಲು ಚೆನ್ನಾಗಿ ಕಾಣಲೆಂದೋ? ನಂಬಿಕೆ ಬರಲಿಲ್ಲ. ಕುಸುರೆಳ್ಳು ಮಾತ್ರ ತಿಂದೆ.

ಜನವರಿ ೧೯, ಭಾನುವಾರ

ಕೂಗಿ ಕೂಗಿ ಗಂಟಲು ಬಿದ್ದಿದೆ. ಮರೆಯುವ ಮೊದಲೇ ಬರೆದಿಡುತ್ತೇನೆ.

ನಾಲ್ಕೂ ತಾಲೂಕಿನಿಂದ ಜನ ಬಂದಿದ್ದರು. ಟ್ರ್ಯಾಕ್ಟರುಗಳ ಟ್ರೇಲರಿನಲ್ಲೆಲ್ಲ ಹುಡುಗರು. ಬಯಲಿನ ಆ ಕಡೆ ಹುಲೆಪ್ಪನ ಒಂದು ಪಟ್ಟಿ ಕಬ್ಬು, ಹಿಂದಿನದೆಲ್ಲ ಕಡಿದು ಅದೊಂದೇ ನಿಂತಿತ್ತು. ನಾನು, ಅತ್ತೆ, ಅಜ್ಜಿ ಹಣಮವ್ವ ಮುಂದಿನ ಜಮಖಾನೆಯ ಮೇಲೆ ಕುಳಿತಿದ್ದೆವು. ಮಾವನವರು ಬಿಳಿ ಕೋಟು ಹಾಕಿಕೊಂಡು ಚೆಂಡು ಎಸೆಯುವ ಕಡೆ ನಿಂತಿದ್ದರು. ಒಮ್ಮೆಯೂ ನಮ್ಮ ಕಡೆ ನೋಡಲಿಲ್ಲ.

ಅಪ್ಪ ಕೆಂಪು ರುಮಾಲು ಸುತ್ತಿಕೊಂಡು ಬಂದ. ಪ್ಯಾಡ್ ಬೇಡ ಅಂದ. ಮೊದಲ ಚೆಂಡು ಕಾಣಲೇ ಇಲ್ಲ, ಗಾಳಿಗೆ ಬೀಸಿದ. ಎರಡನೆಯದಕ್ಕೂ ಹಾಗೇ. ನನ್ನ ಹಿಂದಿನಿಂದ ಒಬ್ಬ "ಮುತ್ಯಾ, ಕುರಿ ಹುಡಕ್ಯಾಡಾಕತ್ತಿಯೇನ?" ಎಂದು ಕೂಗಿದ. ಎಲ್ಲರೂ ನಕ್ಕರು. ಅಜ್ಜಿ ನನ್ನ ಕೈ ಗಟ್ಟಿ ಹಿಡಿದಳು. ಎದ್ದುಹೋಗಿ ಅಪ್ಪನನ್ನು ಕರೆದುಕೊಂಡು ಬಂದುಬಿಡಲೇ ಅನ್ನಿಸಿತು.

ಅಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿದ. ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಒಳ್ಳೆಯ ಕಣ್ಣು ಮುಂದೆ ಮಾಡಿ ನಿಂತ.

ಮೂರನೆಯ ಚೆಂಡು. ಆ ಸಪ್ಪಳ ನಾನು ಎಂದೂ ಕೇಳಿರಲಿಲ್ಲ. ಹಸಿ ಕಟ್ಟಿಗೆಗೆ ಕೊಡಲಿ ಕಚ್ಚಿದ ಹಾಗೆ. ಚೆಂಡು ಎದ್ದಿತು, ಎದ್ದೇ ಎದ್ದಿತು. ನಗುತ್ತಿದ್ದ ಬಾಯಿಗಳೆಲ್ಲ ತೆರೆದ ಹಾಗೇ ಉಳಿದು ಮುಖಗಳು ಮೇಲೆ ತಿರುಗಿದವು. ಹಗ್ಗ ದಾಟಿ, ಟ್ರ್ಯಾಕ್ಟರು ದಾಟಿ, ಹುಲೆಪ್ಪನ ಕಬ್ಬಿನ ನಟ್ಟನಡುವೆ ಬಿತ್ತು. ಗರಿಗಳು ಸರಕ್ಕೆಂದವು.

ಬಯಲಿಗೆ ಬಯಲೇ ಎದ್ದು "ಸಿಕ್ಸ್" ಎಂದು ಒದರಿತು. ನಾನೂ ಒದರಿದೆ. ಎಲ್ಲರೂ ಅಂಪೈರ್ ಕಡೆ ನೋಡಿದರು.

ಮಾವನವರು ಕಬ್ಬಿನ ಕಡೆ ತಿರುಗಿ ನೋಡಿದರು. ಆಮೇಲೆ ಬಲಗೈ ಎತ್ತಿ ಒಂದು ಬೆರಳು ತೋರಿಸಿದರು. ಔಟ್.

ಸೆರಗು ಸಿಕ್ಕಿಸಿಕೊಂಡು ಎದ್ದು ಕಿರುಚಿದೆ. "ಇನ್ನೂ ಸಾಕಾಗ್ಲಿಲ್ಲೇನ್ರಿ ನಿಮಗ? ಇನ್ನೂ ಸಾಕಾಗ್ಲಿಲ್ಲೇನ್ರಿ?" ನನ್ನ ದನಿ ಯಾರಿಗೂ ಕೇಳಲಿಲ್ಲ, ಯಾಕೆಂದರೆ ಎಲ್ಲರೂ ಕಿರುಚುತ್ತಿದ್ದರು. "ಮೋಸ! ಮೋಸ!" "ಯಾವ ಔಟ್ ಲೇ ಇದು?" ಅಪ್ಪನನ್ನು ಚೇಷ್ಟೆ ಮಾಡಿದ್ದ ಆ ಹುಡುಗನೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಹುಡುಗರು ಹಗ್ಗ ದಾಟಿ ಒಳಗೆ ನುಗ್ಗಿದರು. ಗಂಗಾರಾಮರು ಓಡಿಬಂದರು.

ಅಪ್ಪ ಮಾತ್ರ ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡು ನಗುತ್ತ ಹೊರಟಿದ್ದ, ಹೊಲದಿಂದ ಮನೆಗೆ ಹೊರಟವನ ಹಾಗೆ.

ಮಾವನವರು ಮೈಕ್ ಇಸಿದುಕೊಂಡರು.

"ಕಬ್ಬಿನ್ಯಾಗ ಬಿದ್ರ ಔಟ್. ಈ ಬಯಲಿನ ರೂಲ್ ಇದು. ಮಾಡಿದಾವ ನಾನ. ಇವನೊಬ್ಬನ ಸಂಬಂಧ ಮಾಡಿದ್ದೆ. ಇವತ್ತ ಒಂದ ಔಟಿಗೆ ನಿಮಗೆಲ್ಲಾ ಇಷ್ಟ ಸಿಟ್ಟ ಬಂತಲ್ಲ? ಇಂಥಾ ಹೊಡತಾ ಹೊಡದ ಹೊಡದ, ಹಿಂಗ ನಕ್ಕೋತ ಹೋಗತಿದ್ದ ಇವಾ. ನಾ ಕಪ್ ತಗೊಂಡ ಮನಿಗಿ ಹೋಗತಿದ್ದೆ. ಈಗ ಬರಕೋರಿ ಗಂಗಾರಾಮರ, ಯಾರ ದೊಡ್ಡಾವ್ರು ಅಂತ."

ಒಳಗೆ ನುಗ್ಗಿದ್ದ ಹುಡುಗರು ಹಗ್ಗದ ಆಚೆಗೆ ಸರಿದರು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಜ್ಜಿಯೊಬ್ಬಳೇ "ಅವನ್ಯಾಕ ಇಷ್ಟ ಮಾತಾಡಾಕತ್ತಾನ? ಚೆಂಡ ಹುಡಕ್ರಿ ಮೊದ್ಲ" ಎಂದಳು.

ಮಾವನವರು ಅದನ್ನೇ ಮಾಡಿದರು. ಮೈಕ್ ಕೊಟ್ಟು, ಬಿಳಿ ಕೋಟು ಕಳಚಿ, ಯಾರನ್ನೂ ಜೊತೆಗೆ ಕರೆಯದೆ ಕಬ್ಬಿನೊಳಗೆ ಹೋದರು. ಬಹಳ ಹೊತ್ತು ಗರಿ ಅಲುಗುವುದಷ್ಟೇ ಕಾಣುತ್ತಿತ್ತು. ಆಗ ನನಗೆ ಹುಲೆಪ್ಪ ಸಂತೆಯಲ್ಲಿ ಗೊಣಗಿದ್ದು ನೆನಪಾಯಿತು, ದಿನಾ ಸ್ಕೂಟರ್ ಈ ಪಟ್ಟಿ ಕಾಯಲು ಇಲ್ಲಿಗೇ ಬರುತ್ತಿತ್ತೆಂದು ತಿಳಿಯಿತು. ಹೊರಗೆ ಬಂದಾಗ ಎರಡೂ ತೋಳಿನ ತುಂಬ ಗರಿ ಕೊಯ್ದ ಗೀರು, ರಕ್ತ. ಕೈಯಲ್ಲಿ ಚೆಂಡು.

ಗಂಗಾರಾಮರು ಎರಡೂ ಕೈ ಚಾಚಿದರು. "ಕೊಡ್ರಿ ಚನಮಲ್ಲಪ್ನೋರ, ಗಾಜಿನ ಪೆಟ್ಟಿಗ್ಯಾಗ ಇಡತೇನಿ."

"ಫೋಟೊ ನೀವ ಇಟಗೋರಿ. ಇದು ನನ್ನ ಮನಿಗಿ."

ಜನವರಿ ೨೦

ಮುಂಜಾನೆ ಮಾವನವರ ತೋಳಿಗೆ ಕೊಬ್ಬರಿ ಎಣ್ಣೆ, ಅರಿಷಿಣ ಹಚ್ಚಿದೆ. "ಸಾವಕಾಶ ಬೇ" ಎಂದು ಬೈದರು. ಇಷ್ಟು ವಯಸ್ಸಾದರೂ ಕಬ್ಬಿನಲ್ಲಿ ತುಂಬು ತೋಳಿನ ಅಂಗಿ ಹಾಕಿಕೊಂಡು ಹೋಗಬೇಕೆಂಬ ಬುದ್ಧಿ ಇಲ್ಲ, ನಾನೂ ಬೈದೆ.

ಗಂಗಾರಾಮರು ಗೋಡೆಗೆ ಹಾಕುವ ಫೋಟೊ ಕಳಿಸಿದ್ದಾರೆ. "ಬರೇ ಹವಾ" ಎಂದು ಗ್ರೂಪಿನಲ್ಲಿ ಬರೆದಿದ್ದ ಆ ಹುಡುಗನ ಮೊಬೈಲಿನಲ್ಲಿ ತೆಗೆದದ್ದು. ಅಪ್ಪ ನಗುತ್ತ ಬರುತ್ತಿದ್ದಾನೆ, ಹಿಂದೆ ಮಾವನವರು ಬೆರಳೆತ್ತಿ ನಿಂತಿದ್ದಾರೆ. ಇಬ್ಬರೂ ಒಂದೇ ಫೋಟೊದಲ್ಲಿ, ನಡುವಿನ ಜಾಗದಲ್ಲಿ.

ಕಪಾಟಿನ ನಡುವಿದ್ದ ಎಲ್ಲಕ್ಕಿಂತ ದೊಡ್ಡ ಕಪ್ಪು ಕೆಳಗಿನ ಅರೆಗೆ ಇಳಿದಿದೆ. ಅದರ ಜಾಗದಲ್ಲಿ ಆ ಚೆಂಡು. ಮಣ್ಣು ಒರೆಸಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತು, "ಉಮಾ, ರೊಟ್ಟಿ ಹಾಕವಾ" ಎಂದರು. ಅತ್ತೆ ಒಳಗೇ ಉಳಿದರು. ಹಾಕಿದೆ.

"ನಿಮ್ಮಪ್ಪನ್ನ ಒಂದ ಮಾತ ಕೇಳಬೇಕಿತ್ತವಾ. ನನಗ ಕೇಳಾಕ ಬಾಯಿ ಬರೂದಿಲ್ಲ. ಔಟ್ ಅಂತ ಗೊತ್ತಿದ್ರೂ ಅಲ್ಲಿಗೇ ಯಾಕ ಹೊಡೀತಿದ್ದ?"

ನಾನು ಅಲ್ಲೇ ನಿಂತು ಅಪ್ಪನಿಗೆ ಫೋನ್ ಹಚ್ಚಿದೆ, ಸ್ಪೀಕರ್ ಹಾಕಿ ತಾಟಿನ ಪಕ್ಕ ಇಟ್ಟೆ. ಹಿಂದೆ ಕುರಿಗಳ ಸದ್ದು. ಅಪ್ಪನಿಗೆ ಮಾವನವರೂ ಕೇಳುತ್ತಿದ್ದಾರೆಂದು ಗೊತ್ತಿರಲಿಲ್ಲ.

"ಏನ ಹೇಳಲೆವಾ," ಎಂದ. "ಚೆಂಡ ಕಬ್ಬ ಹೊಕ್ಕ ಕೂಡ್ಲೆ ನಿಮ್ಮ ಮಾವ ಔಟ್ ಅಂತ ಒದರತಿದ್ದ. ಒದರುವಾಗ ಅವನ ಮಾರಿ ನೋಡಬೇಕಿತ್ತು ನೀ. ಗೆದ್ದಾವಂದ ಮಾರಿ ಇರತಿದ್ದಿಲ್ಲ ಅದು. ಆ ಮಾರಿ ನೋಡಾಕಂತ ಹೊಡೀತಿದ್ದೆ."

ಮಾವನವರಿಗೆ ನಗು ಬಂದು ತುತ್ತು ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ನಾನು ನೀರು ಕೊಟ್ಟು ಬೆನ್ನು ಗುದ್ದಿದೆ. ಫೋನಿನಲ್ಲಿ ಅಪ್ಪ "ಯಾರದಾರ ಅಲ್ಲಿ? ಯಾರ ಬೇ ಕೆಮ್ಮಾಕತ್ತಾರ?" ಎಂದು ಒದರುತ್ತಿದ್ದ.

"ನಾನ ಲೇ, ಸಿದರಾಯ," ಎಂದರು ಮಾವ, ಉಸಿರು ಹಿಡಿದುಕೊಂಡು. ಆಮೇಲೆ ತಾಟಿನಲ್ಲಿದ್ದ ರೊಟ್ಟಿ ಪೂರ್ತಿ ತಿಂದರು. ಇನ್ನೊಂದು ಹಾಕಿದೆ, ಅದನ್ನೂ ತಿಂದರು.